ಬಾಲಿಯಲ್ಲಿ ಗದ್ದೆ ಕೊಳ್ಳುವ ಮುನ್ನ

ಮಾನ್ಯರೆ,

ಬೆಂಗಳೂರಿನಿಂದ ನೇರ ವಿಮಾನ ಬಂದ ಮೇಲೆ ಬಾಲಿಯ ಹಳ್ಳಿಗಳಲ್ಲಿ ಜಮೀನು ಕೊಳ್ಳುವ ಮಾತು ಕೇಳಿಬರುತ್ತಿದೆ. ಇಂಡೊನೇಷ್ಯಾದ 1960ರ ಭೂ ಕಾಯ್ದೆಯಲ್ಲಿ ಪೂರ್ಣ ಒಡೆತನದ ‘ಹಕ್ ಮಿಲಿಕ್’ ವಿದೇಶಿಯರಿಗಿಲ್ಲ. ಊರಿನವರ ಹೆಸರಲ್ಲಿ ಬೇನಾಮಿ ಮಾಡಿದರೆ 26ನೇ ವಿಧಿಯಂತೆ ವ್ಯವಹಾರವೇ ಅನೂರ್ಜಿತ. ಜಮೀನು ಸರ್ಕಾರಕ್ಕೆ, ಕೊಟ್ಟ ಹಣಕ್ಕೆ ಎಳ್ಳುನೀರು. ದಲ್ಲಾಳಿಗಳು ಇದನ್ನು ಹೇಳುವುದಿಲ್ಲ ಬಿಡಿ. ಗುತ್ತಿಗೆಗೆ ಪಡೆಯುವುದಾದರೂ ಮೂಲಪತ್ರವನ್ನು ಭೂ ಕಚೇರಿಯ ದಾಖಲೆಯೊಂದಿಗೆ ತಾಳೆ ನೋಡಬೇಕು; ಸಂರಕ್ಷಿತ ಭತ್ತದ ಗದ್ದೆಯಾದರೆ ಮನೆ ಕಟ್ಟುವಂತಿಲ್ಲ.

ಅಲ್ಲಿ ಗದ್ದೆಗಳಿಗೆ ನೀರು ಹಂಚುವುದು ‘ಸುಬಕ್’ ಎಂಬ ರೈತರ ಸಂಘ. ಮೇಲಿನ ಮಡಿಯಿಂದ ಕೆಳಗಿನದಕ್ಕೆ ನೀರು ಇಳಿಯುತ್ತದೆ. ನಡುವೆ ಕಾಂಪೌಂಡ್ ಎದ್ದು ಕಾಲುವೆ ಮುಚ್ಚಿದರೆ ಕೆಳಗಿನವರ ನಾಟಿ ಒಣಗುತ್ತದೆ. ಬಾಲಿಯ ಜಟಿಲುವಿಹ್ ಹಳ್ಳಿಯ ಗದ್ದೆಗಳನ್ನು ನೋಡಿ ಬರಲು 30 ದಿನದ ಆಗಮನ ವೀಸಾ ಸಾಕು. ಒಮ್ಮೆ ಅಷ್ಟೇ ದಿನ ವಿಸ್ತರಿಸಬಹುದು, ದುಡಿಯುವಂತಿಲ್ಲ.

– ಓದುಗ, ಬೆಂಗಳೂರು