ಜಗಲಿಯಲ್ಲೇ ಉಳಿದ ಚೀಲ: ಮಗಳಿಗೊಂದು ಪತ್ರ

ಪ್ರೀತಿಯ ಕೂಸಿಗೆ ಅಪ್ಪ ಮಾಡುವ ಆಶೀರ್ವಾದಗಳು.

ನೀನು ಶಿರಸಿಯಲ್ಲಿ ಬೆಂಗಳೂರಿನ ರಾತ್ರಿ ಬಸ್ಸು ಹತ್ತಿ ಇಂದಿಗೆ ನಾಲ್ಕು ದಿನವಾಯಿತು. ಹೊರಡುವ ಹೊತ್ತಿಗೆ ನಮ್ಮಿಬ್ಬರ ನಡುವೆ ಆದ ಮಾತುಗಳನ್ನು ಮತ್ತೆ ಬರೆದು ನಿನ್ನನ್ನು ನೋಯಿಸುವುದಿಲ್ಲ. ನೀನು ಬೇಕೆಂದೇ ಬಿಟ್ಟುಹೋದ ಚೀಲ ಜಗಲಿಯ ಕಂಬಕ್ಕೆ ಒರಗಿಕೊಂಡೇ ಇದೆ. ಅದನ್ನು ಒಳಗೆ ಎತ್ತಿಡಲು ಆಯಿಗೂ ಮನಸ್ಸಿಲ್ಲ, ನನಗೂ ಇಲ್ಲ. ಹಿಮೋಗ್ಲೋಬಿನ್ 8.6ಕ್ಕೆ ಇಳಿದಿದೆ ಎಂದು ನೀನು ಹೇಳಿದಾಗ ಸುಸ್ತು ಎಷ್ಟಿದೆ, ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆಯೇ ಎಂದು ನಾನು ಕೇಳಬೇಕಾಗಿತ್ತು. ಅದನ್ನು ಬಿಟ್ಟು, ಹೊತ್ತಿಲ್ಲದ ಹೊತ್ತಿನಲ್ಲಿ ಡಬ್ಬಿಯಲ್ಲಿ ಬರುವ ಊಟ ತಿಂದರೆ ಇನ್ನೇನಾಗುತ್ತದೆ ಎಂದುಬಿಟ್ಟೆ. ಅದಕ್ಕೆ ನೀನು ಕೆಸುವಿನೆಲೆಯ ಪತ್ರೊಡೆಯ ಮಾತೆತ್ತಿದೆ. ಏನೆಂದು ಆಯಿಗೆ ತಿಳಿಯಲಿಲ್ಲ, ನನಗೆ ತಿಳಿಯಿತು.

ಆಗ ನಿನಗೆ ಏಳು ವರ್ಷ. ಆಷಾಢದ ಮಳೆ ಹಿಡಿದು ವಾರವಾಗಿತ್ತು. ಆಯಿ ಮೂರು ದಿನ ಹೊರಗಿದ್ದಳು; ನಮ್ಮ ಮನೆಗಳಲ್ಲಿ ಆ ದಿನಗಳಲ್ಲಿ ಗಂಡಸರು ಒಲೆಯ ಮುಂದೆ ಕೂರುವುದು ರೂಢಿಯಾದ್ದರಿಂದ ಅಡುಗೆ ನನ್ನದಾಗಿತ್ತು. ಪತ್ರೊಡೆಗೆ ಮರಗೆಸುವನ್ನೇ ಕೊಯ್ದು ತಾ ಎಂದು ಅಮ್ಮಮ್ಮ ಎರಡು ಸಲ ಹೇಳಿದ್ದಳು, ಏಕೆಂದರೆ ಮಳೆಗಾಲದಲ್ಲಿ ಮರದ ಕವಲುಗಳಲ್ಲಿ ಚಿಗುರುವ ಆ ಎಲೆಯಲ್ಲಿ ತುರಿಕೆ ಕಡಿಮೆ. ಪಾಚಿ ಕಟ್ಟಿ ಜಾರುತ್ತಿದ್ದ ಮರ ಹತ್ತಲು ಬೇಸರಪಟ್ಟು ನಾನು ಹಳ್ಳದ ಅಂಚಿನ ಕೆಸುವನ್ನು ಕೊಯ್ದು ತಂದೆ. ನೆನೆಸಿದ ಅಕ್ಕಿಗೆ ಕೊತ್ತಂಬರಿ, ಜೀರಿಗೆ, ಒಣಮೆಣಸು, ಬೆಲ್ಲ ಸೇರಿಸಿ ರುಬ್ಬಿ, ಎಲೆಯ ಬೆನ್ನಿಗೆ ಹಚ್ಚಿ, ಒಂದರ ಮೇಲೊಂದಿಟ್ಟು ಸುತ್ತಿದ್ದೆಲ್ಲ ಸರಿಯಾಗಿಯೇ ಇತ್ತು. ಆದರೆ ಭರಣಿಯ ತಳದಲ್ಲಿ ಹುಣಸೆಹಣ್ಣು ಒಂದು ಹಿಡಿ ಮಾತ್ರ ಉಳಿದಿತ್ತು, ಅದರಲ್ಲಿ ಅರ್ಧವನ್ನು ಮರುದಿನದ ಸಾರಿಗೆಂದು ಎತ್ತಿಟ್ಟೆ. ಸೌದೆ ಹಸಿಯಾಗಿದ್ದು ಉರಿ ಏಳಲಿಲ್ಲ. ಹಸಿವಾಯಿತೆಂದು ನೀವೆಲ್ಲ ಬಾಗಿಲಲ್ಲಿ ನಿಂತದ್ದರಿಂದ ಬೇಯುವ ಮೊದಲೇ ಇಳಿಸಿದೆ.

ಮೊದಲ ತುತ್ತಿಗೇ ನೀನು "ಅಪ್ಪಾ, ಗಂಟಲೊಳಗೆ ಮುಳ್ಳಿದೆ" ಎಂದೆ. ಬೆಲ್ಲ ಕೇಳಲು ನೆವ ಹುಡುಕುತ್ತೀಯೆಂದು ಗದರಿಸಿ, ಬಾಳೆಯಲ್ಲಿದ್ದ ಮೂರು ಹೋಳನ್ನೂ ತಿನ್ನಿಸಿದೆ. ರಾತ್ರಿಯಿಡೀ ನೀನು ಕುತ್ತಿಗೆ ತಿಕ್ಕಿಕೊಳ್ಳುತ್ತ ಅಳುತ್ತಿದ್ದೆ, ಅಮ್ಮಮ್ಮ ನಿನ್ನನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದಳು. ಇಷ್ಟು ನಿನಗೂ ನೆನಪಿದೆ. ನಿನಗೆ ಗೊತ್ತಿಲ್ಲದ್ದು ಒಂದಿದೆ, ಈ ಕಾಗದ ಬರೆಯಲು ಕೂತದ್ದೇ ಅದಕ್ಕಾಗಿ. ನೀವೆಲ್ಲ ಎದ್ದ ಮೇಲೆ ನಾನು ಊಟಕ್ಕೆ ಕೂತೆ. ಎರಡನೆಯ ತುತ್ತಿಗೆ ನನ್ನ ಗಂಟಲಿಗೂ ಚುಚ್ಚಿತು. ನೀನು ಹೇಳಿದ್ದು ನಿಜವೆಂದು ಆಗಲೇ ತಿಳಿಯಿತು. ತಿಳಿದೂ ನಾನು ಬಾಯಿ ಬಿಡಲಿಲ್ಲ. ಉಳಿದದ್ದನ್ನು ತೋಟದ ಗುಂಡಿಗೆ ಹಾಕಿ, ಆಯಿ ಕೇಳಿದಾಗ ಕೂಸು ಹಠ ಮಾಡಿತು ಎಂದೆ.

ಕೆಸುವಿನ ಎಲೆಯೊಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ, ಅವು ಬಾಯಿಗೂ ಗಂಟಲಿಗೂ ಚುಚ್ಚುತ್ತವೆ ಎಂಬುದನ್ನು ನಾನು ಓದಿ ತಿಳಿದದ್ದು ಬಹಳ ತಡವಾಗಿ. ಆದರೆ ಹುಳಿಯನ್ನು ಧಾರಾಳವಾಗಿ ಹಾಕಬೇಕು, ಚೆನ್ನಾಗಿ ಬೇಯಿಸಬೇಕು ಎಂಬುದು ಆ ದಿನವೂ ನನಗೆ ಗೊತ್ತಿತ್ತು. ಕಾಲಕಾಲಕ್ಕೆ ಬೆಳೆದದ್ದನ್ನು ತಿನ್ನಬೇಕು ಎಂದು ನಿನಗೆ ಇಷ್ಟು ವರ್ಷ ಹೇಳುತ್ತ ಬಂದೆನಲ್ಲ, ಆ ತಿನ್ನುವಿಕೆಯ ಅರ್ಧ ಭಾಗ ಇಂಥ ಎಚ್ಚರದಲ್ಲಿದೆ. ಕಳಲೆಯನ್ನೇ ನೋಡು. ಹಸಿ ಕಳಲೆಯಲ್ಲಿ ಸೈನೈಡ್ ಬಿಡುವ ಅಂಶವಿದೆ. ನಮ್ಮ ತೋಟದಂಚಿನ ಬಿದಿರುಮಟ್ಟಿಯಲ್ಲಿ ಮೊಳಕೆ ಎದ್ದಾಗ ಅಮ್ಮಮ್ಮ ಅದನ್ನು ಸಣ್ಣಗೆ ಹೆಚ್ಚಿ, ಮೂರು ದಿನ ನೀರಿನಲ್ಲಿ ಮುಳುಗಿಸಿ, ದಿನವೂ ನೀರು ಬದಲಿಸಿ, ಆಮೇಲೆ ಬೇಯಿಸಿ ಆ ನೀರನ್ನೂ ಚೆಲ್ಲುತ್ತಿದ್ದಳು. ಆ ಮೂರು ದಿನ ಅಡುಗೆಮನೆಯ ಮೂಲೆಯಲ್ಲಿ ಪಾತ್ರೆ ಕಂಡರೂ ಯಾರೂ ಅವಸರ ಮಾಡುವಂತಿರಲಿಲ್ಲ. ನಾನು ಅಂಥ ತಾಯಿಯ ಮಗನಾಗಿದ್ದೂ ಒಂದು ಹೊತ್ತಿನ ಅವಸರಕ್ಕೆ, ಅರ್ಧ ಹಿಡಿ ಹುಣಸೆಹಣ್ಣಿಗೆ, ನಿನ್ನ ಗಂಟಲನ್ನು ನೋಯಿಸಿದೆ. ಅದಕ್ಕಿಂತ ಹೆಚ್ಚಾಗಿ, ನಿನ್ನ ಮಾತನ್ನು ಸುಳ್ಳು ಮಾಡಿದೆ. ಅಂದಿನಿಂದ ನೀನು ಕೆಸು ಮುಟ್ಟಲಿಲ್ಲ, ಬರಬರುತ್ತ ಬಸಳೆ, ಹರಿವೆ, ಒಂದೆಲಗದ ತಂಬುಳಿ ಯಾವುದೂ ಬೇಡವಾಯಿತು. ನಿನ್ನ ರಕ್ತದ ವರದಿ ಕೈಯಲ್ಲಿ ಹಿಡಿದಾಗ ನನಗೆ ಕಂಡದ್ದು ಆ ಬಾಳೆಯೆಲೆ. ಇದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಆಯಿ ಹೇಳುತ್ತಾಳೆ. ಇರಬಹುದು, ಆದರೂ ನನಗೆ ನಿದ್ದೆ ಬರುವುದಿಲ್ಲ.

ವೈದ್ಯರು ಬರೆದುಕೊಟ್ಟ ಕಬ್ಬಿಣಾಂಶದ ಮಾತ್ರೆಯನ್ನು ಯಾವ ಕಾರಣಕ್ಕೂ ಬಿಡಬೇಡ. ಸೊಪ್ಪು ತಿಂದರೆ ಮಾತ್ರೆ ಬೇಡ ಎಂದು ಹೇಳುವಷ್ಟು ಮೂರ್ಖತನ ನನಗೆ ಬೇಡ. ಈ ತೊಂದರೆ ನಿನ್ನೊಬ್ಬಳದ್ದೂ ಅಲ್ಲ: 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಸಸ್ಯಾಹಾರದ ಕಬ್ಬಿಣಾಂಶ ಮೈಗೆ ಸುಲಭವಾಗಿ ಹಿಡಿಯುವುದಿಲ್ಲ. ಜೊತೆಗೆ ನಿಂಬೆ, ನೆಲ್ಲಿ ಇದ್ದರೆ ಹೆಚ್ಚು ಹಿಡಿಯುತ್ತದೆ, ಊಟದ ಬೆನ್ನಿಗೇ ಚಹಾ ಕುಡಿದರೆ ಕಡಿಮೆ. ಹರಿವೆಯ ಪಲ್ಯಕ್ಕೆ ನಿಂಬೆ ಹಿಂಡು. ಊಟವಾಗಿ ಒಂದು ಗಂಟೆಯಾದರೂ ಚಹಾ ಬೇಡ. ಈ ಮಾತನ್ನು ಇಲ್ಲಿಗೇ ನಿಲ್ಲಿಸಬೇಕೆಂದುಕೊಂಡೇ ಬರೆಯಲು ಕೂತಿದ್ದೆ, ಆದರೆ ಇನ್ನೊಂದನ್ನು ಹೇಳದೆ ಇರಲಾರೆ. ಬೆಂಗಳೂರಿನಲ್ಲಿ ಕೂತು ನಮ್ಮೂರಿನ ಮಳೆಗಾಲವನ್ನು ಹುಡುಕಬೇಡ, ಆ ಊರಿಗೂ ಅದರದೇ ಕಾಲವಿದೆ. ಡಿಸೆಂಬರಿನ ಚಳಿ ಬಿದ್ದೊಡನೆ ಗಾಂಧಿ ಬಜಾರಿನಲ್ಲಿ ಸೊಗಡಿನ ಅವರೆಕಾಯಿ ರಾಶಿ ಬೀಳುತ್ತದೆ, ರವಿವಾರ ಬೆಳಿಗ್ಗೆ ಒಂದು ಕಿಲೋ ತಂದು ಗೆಳತಿಯರ ಜೊತೆ ಕೂತು ಬಿಡಿಸಿದರೆ ಎರಡು ದಿನದ ಸಾರಾಗುತ್ತದೆ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುತ್ತದೆ, ಅಲ್ಲಿಂದ ಹಸಿ ಕಡಲೆಕಾಯಿ ತಂದು ಬೇಯಿಸಿಕೊ. ಸಂಕ್ರಾಂತಿಗೆ ಎಳ್ಳು-ಬೆಲ್ಲ ಬೀರುವುದಷ್ಟೇ ಸಾಲದು, ನೀನೂ ತಿನ್ನು.

ನೀನು ಸ್ವಂತ ದುಡಿಮೆಯಿಂದ ಮನೆ ಹಿಡಿದು, ಕಳೆದ ವರ್ಷದ ಕೊಳೆರೋಗದಲ್ಲಿ ಅಡಿಕೆ ಉದುರಿದಾಗ ನಮಗೂ ಹಣ ಕಳಿಸಿದ್ದನ್ನು ನಾನು ಸೊಸೈಟಿಗೆ ಹೋದಾಗಲೆಲ್ಲ ಹೇಳಿಕೊಳ್ಳುತ್ತೇನೆ, ನಿನ್ನೆದುರು ಮಾತ್ರ ಒಮ್ಮೆಯೂ ಹೇಳಿಲ್ಲ. ರಾತ್ರಿ ಹತ್ತಕ್ಕೆ ಮನೆ ಸೇರುವವಳಿಗೆ ಅಡುಗೆ ಮಾಡಿಕೊ ಎನ್ನುವುದು ಎಷ್ಟು ಸುಲಭ ಎಂಬುದೂ ನನಗೆ ಗೊತ್ತಿದೆ. ನನಗೆ ನಾಲ್ಕು ಗಂಟೆಗೆ ತೋಟದಿಂದ ಬಂದರೆ ಚಹಾ ಸಿಗುತ್ತದೆ, ನಿನಗೆ ಕೊಡುವವರಿಲ್ಲ. ಹಾಗಾಗಿಯೇ ಬೇಸಿಗೆಯಲ್ಲೇ ಮಾಡಿಟ್ಟವುಗಳನ್ನು ಚೀಲಕ್ಕೆ ತುಂಬಿದ್ದೆ.

ನಿನ್ನೆ ಸಂಜೆ ಆ ಚೀಲ ಬಿಚ್ಚಿದೆ. ಒದ್ದೆ ಬಟ್ಟೆಯಲ್ಲಿ ಸುತ್ತಿದ್ದ ಒಂದೆಲಗ ಕೊಳೆತಿತ್ತು. ಅದರ ಕೆಳಗೆ, ನಿನಗೆ ಕಾಣದಂತೆ ಪತ್ರಿಕೆಯ ಹಾಳೆಯಲ್ಲಿ ಸುರುಳಿ ಮಾಡಿಟ್ಟಿದ್ದ ಮರಗೆಸುವಿನ ಹನ್ನೆರಡು ಎಲೆಗಳು ಅಂಚಿನಿಂದ ಹಳದಿಯಾಗಿ, ಹಾಳೆಯ ಅಕ್ಷರಗಳು ಎಲೆಯ ಬೆನ್ನಿಗೆ ಹತ್ತಿದ್ದವು. ಈ ಸಲ ಮರ ಹತ್ತಿಯೇ ಕೊಯ್ದಿದ್ದೆ. ನಿನ್ನನ್ನು ಕೇಳದೆ ಮತ್ತೆ ತಿನ್ನಿಸಲು ಹೊರಟಿದ್ದೆನಲ್ಲ ಎಂದು ಆಗ ಅನ್ನಿಸಿತು.

ನಾಳೆ ಬಸ್ಸಿನಲ್ಲಿ ಪಾರ್ಸೆಲ್ ಕಳಿಸುತ್ತೇನೆ. ಅಪ್ಪೆಮಿಡಿ ಉಪ್ಪಿನಕಾಯಿ, ಒಣಗಿಸಿದ ಮುರುಗಲು ಸಿಪ್ಪೆ, ಹಲಸಿನ ಹಪ್ಪಳ, ಉಪ್ಪಿನಲ್ಲಿಟ್ಟ ಹಲಸಿನ ಉಪ್ಪುಸೊಳೆ ಇವೆ. ಉಪ್ಪುಸೊಳೆಯನ್ನು ಹಿಂದಿನ ರಾತ್ರಿಯೇ ನೀರಿಗೆ ಹಾಕಿ, ಎರಡು ಸಲ ನೀರು ಬದಲಿಸಿ ಹಿಂಡು, ಇಲ್ಲದಿದ್ದರೆ ಪಲ್ಯ ಬಾಯಿಗಿಡಲು ಆಗದಷ್ಟು ಉಪ್ಪಾಗುತ್ತದೆ. ಆ ದಿನದ ನಿಜವನ್ನು ಆಯಿಗೂ ಇವತ್ತು ಹೇಳಿದ್ದೇನೆ. ಕೆಸುವಿನ ಎಲೆಯನ್ನು ಚೀಲಕ್ಕೆ ಹಾಕಿಲ್ಲ.

ಇಂತಿ ನಿನ್ನ
ಅಪ್ಪ