ಕೂಲರ್ ಗಾಳಿಗೆ ಅರಳಿದ ಆರ್ಕಿಡ್

ಪ್ರೀತಿಯ ದೋಸ್ತಾ,

ಹೋದ ದೀಪಾವಳಿಗೆ ಬಂದಾಗ ನಮ್ಮ ಮಾಳಿಗೆ ಮೇಲಿನ ಖಾಲಿ ಕುಂಡ ನೋಡಿ ನಕ್ಕಿದ್ದೆ, ನೆನಪಿದೆಯಾ? "ಕಲಬುರಗಿಯಲ್ಲಿ ಆರ್ಕಿಡ್ ಬೆಳೆಸೋದೂ ಒಂದೇ, ಶಿರಸಿಯಲ್ಲಿ ತೊಗರಿ ಬೆಳೆಯೋದೂ ಒಂದೇ" ಅಂದಿದ್ದೆ. ಈಗ ಶಿರಸಿಯಲ್ಲಿದ್ದು ನೀನು ಕಲಿತ ಆ ಕಡೆ ಭಾಷೆಯಲ್ಲೇ ಹೇಳ್ತೀನಿ ಕೇಳು. ಹೂ ಬಿಟ್ಟಿದೆ ಮಾರಾಯ!

ಆ ಖಾಲಿ ಕುಂಡದ ಕಥೆ ಆಗ ಪೂರ್ತಿ ಹೇಳಿರಲಿಲ್ಲ. ನಾಚಿಕೆ ಆಗಿತ್ತು. ಹೊಲದ ಎರೆಮಣ್ಣು ತಂದು, ತಿಪ್ಪೆಗೊಬ್ಬರ ಕಲಸಿ, ಅದರಲ್ಲಿ ಆರ್ಕಿಡ್ ನೆಟ್ಟು ದಿನಾ ಎರಡು ಹೊತ್ತು ನೀರು ಹಾಕಿದ್ದೆ. ತೊಗರಿ ಬೆಳೆಯುವ ಮಣ್ಣು ಇದಕ್ಕೆ ಸಾಲಲ್ವಾ ಅನ್ನೋ ಭಂಡ ಧೈರ್ಯ. ಮೂರು ವಾರಕ್ಕೆ ಬೇರು ಕೊಳೆತು ನಾರಿತು. ಈ ಜಾತಿಯ ಗಿಡಗಳು ಮರದ ಕೊಂಬೆ ಹಿಡಿದು ಬದುಕುವಂಥವು. ಮರದ ರಸ ಹೀರುವುದಿಲ್ಲ, ಸುಮ್ನೆ ಕೂರೋಕೆ ಜಾಗ ಅಷ್ಟೇ. ಬೇರಿನ ಮೇಲೆ ಸ್ಪಂಜಿನಂಥ ಪದರ ಇರುತ್ತದೆ. ಒಣಗಿದಾಗ ಬೆಳ್ಳಿ ಬಣ್ಣ, ನೀರು ಬಿದ್ದರೆ ಹಸಿರು. ಅದಕ್ಕೆ ಗಾಳಿ ಆಡಬೇಕು. ನಾನು ಅದನ್ನು ಜೀವಂತ ಹೂತಿದ್ದೆ.

ಈ ಸಲ ತಂದದ್ದು ಬ್ರಾಸಾವೋಲಾ ನೊಡೋಸಾ ಅನ್ನೋ ಆರ್ಕಿಡ್. ಮೆಕ್ಸಿಕೊದಿಂದ ವೆನೆಜುವೆಲಾ ಕಡೆಯವರೆಗೂ ಬೆಳೆಯುವ ಗಿಡ. ನಿಮ್ಮ ಹೊನ್ನಾವರದಲ್ಲಿ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಮರಗಳು ಇವೆಯಲ್ಲ, ಅಂಥ ಮರಗಳ ಮೇಲೆ, ಕಡಲ ದಂಡೆಯ ಬಂಡೆಗಳ ಮೇಲೆ ಇರುತ್ತದೆ. ಬಿಸಿಲು ಕಂಡ ಜೀವ ಅಂತಲೇ ಆರಿಸಿದೆ. ಎಲೆ ನೋಡಿದರೆ ಚವಳಿಕಾಯಿಯನ್ನು ಎಳೆದು ಉದ್ದ ಮಾಡಿದಂತಿದೆ. ಕುಂಡದ ಗೊಡವೆಯೇ ಬೇಡ ಅಂತ ತೊಗರಿ ಕಟ್ಟಿಗೆಯ ಸಣ್ಣ ಬುಟ್ಟಿಯಲ್ಲಿ ಇದ್ದಿಲು, ತೆಂಗಿನ ಚಿಪ್ಪಿನ ಚೂರು ತುಂಬಿ ಕೂರಿಸಿದೆ. ಬುಟ್ಟಿ ಎರಡು ವರ್ಷ ತಡೆಯುತ್ತೋ ಇಲ್ವೋ, ಆಮೇಲೆ ಇನ್ನೊಂದು ಹೆಣೆಸಿದರಾಯಿತು.

ಮಣ್ಣಿನ ಕಾಟ ತಪ್ಪಿತು, ಬೇಸಿಗೆ ಬಂತು. ನಮ್ಮೂರ ಬೇಸಿಗೆ ನಿನಗೆ ಹೇಳಬೇಕಾ? 42 ಡಿಗ್ರಿ, ಒಣ ಗಾಳಿ, ಕಾಲಿಟ್ಟರೆ ಸುಡುವ ಶಹಾಬಾದ್ ಕಲ್ಲು. ಬೆಳಿಗ್ಗೆ ಮಾತ್ರ ನೀರು ಹಾಕು, ಸಂಜೆ ಹಾಕಿದರೆ ಕೊಳೆಯುತ್ತದೆ ಅಂತ ನೀನು ಫೋನಲ್ಲಿ ಹೇಳಿದ್ದು ಶಿರಸಿಗೆ ಸರಿ. ಇಲ್ಲಿ ಬೆಳಿಗ್ಗೆ ಹಾಕಿದ ನೀರು ಚಹಾ ಕುಡಿದು ಮುಗಿಸೋದರೊಳಗೆ ಮಾಯ. ಈ ದಪ್ಪ ಎಲೆಯ ಗಿಡಗಳು ಹಗಲು ಎಲೆಯ ರಂಧ್ರ ಮುಚ್ಚಿಕೊಂಡು ರಾತ್ರಿ ತೆರೆಯುತ್ತವೆ. ತೆರೆದಾಗ ಎಲೆಯ ನೀರು ಆರಿಹೋಗುತ್ತದೆ, ಅದಕ್ಕೇ ಗಾಳಿಯಲ್ಲಿ ತೇವ ಹೆಚ್ಚು ಬೇಕಾದದ್ದು ರಾತ್ರಿ ಹೊತ್ತು. ರಾತ್ರಿ ನಮ್ಮ ಮನೆಯಲ್ಲಿ ತೇವದ ಗಾಳಿ ಬರುವುದು ಎಲ್ಲಿಂದ? ಕೂಲರ್‌ನಿಂದ! ಹಾಲ್‌ನ ಒಂದು ಕಿಟಕಿಗೆ ಕೂಲರ್, ಆ ಗಾಳಿ ಹೊರಗೆ ಹೋಗುವುದು ಎದುರಿನ ಮೂಡಣ ಕಿಟಕಿಯಿಂದ. ಬುಟ್ಟಿಯನ್ನು ಆ ಕಿಟಕಿಯ ಸರಳಿಗೆ ತೂಗುಹಾಕಿದೆ. ಬೆಳಗಿನ ಎಳೆ ಬಿಸಿಲೂ ಸಿಕ್ಕಿತು. ಹದಿನೈದು ದಿನಕ್ಕೆ ಬೇರಿನ ತುದಿಗಳು ಹಸಿರಾದವು. ನಾನು ಕೂಲರ್ ಹಚ್ಚುವುದೇ ಗಿಡಕ್ಕಾಗಿ ಅಂತ ಮನೆಯಲ್ಲಿ ಈಗಲೂ ಮಾತಿದೆ.

ಇನ್ನೊಂದು ತೊಂದರೆ ಬೋರ್‌ವೆಲ್ ನೀರಿನದು. ಕೂಲರ್‌ನ ಹುಲ್ಲಿನ ಮೇಲೆ ಬಿಳಿ ಉಪ್ಪು ಕಟ್ಟುತ್ತದಲ್ಲ, ಬೇರಿನ ಮೇಲೂ ಅದೇ ಕಟ್ಟಿತು. ಮಳೆಗಾಲದಲ್ಲಿ ಮಾಳಿಗೆ ನೀರನ್ನು ಡ್ರಮ್‌ನಲ್ಲಿ ಹಿಡಿದೆ. ಅದಕ್ಕೆ ಮುಂಚೆ ಪಕ್ಕದ ಮನೆಯವರ ಎಸಿಯಿಂದ ತೊಟ್ಟಿಕ್ಕುವ ನೀರಿಗೆ ಬಕೆಟ್ ಇಟ್ಟಿದ್ದೆ. ಆ ನೀರಲ್ಲಿ ಉಪ್ಪು ಇರೋದು ತೀರಾ ಕಡಿಮೆ. ಅವರು ನನ್ನನ್ನು ನೋಡುವ ರೀತಿ ಮಾತ್ರ ಬದಲಾಗಿದೆ.

ಹೋದ ತಿಂಗಳು ಎರಡು ಹೂ ಅರಳಿದವು. ತೆಳು ಹಸಿರು ಬಣ್ಣದ ಸಪೂರ ದಳಗಳು, ನಡುವೆ ತುಟಿ ಅನ್ನೋ ಹೃದಯದಾಕಾರದ ಬಿಳಿ ದಳ. ಮೂಗು ಒತ್ತಿ ಮೂಸಿದೆ. ಏನೂ ಇಲ್ಲ! ಘಮಘಮ ಅನ್ನುತ್ತದೆ ಅಂತ ಹೇಳಿ ಮಾರಿದವನಿಗೆ ಮನಸ್ಸಲ್ಲೇ ಬೈದೆ. ಅವತ್ತು ರಾತ್ರಿ ಊಟದ ಹೊತ್ತಿಗೆ ಕರೆಂಟ್ ಹೋಯಿತು. ಕೂಲರ್ ನಿಂತಿತು. ಕತ್ತಲಲ್ಲಿ ಕೂತಿದ್ದೆವು. ಅವ್ವ ಕೇಳಿದಳು, "ಯಾರ್ ನಿಂಬಿಹಣ್ಣ ಹೆಚ್ಚಲತ್ತಾರ?" ಯಾರೂ ಹೆಚ್ಚುತ್ತಿರಲಿಲ್ಲ. ಕಿಟಕಿ ಹತ್ತಿರ ಹೋದೆ. ಮೊದಲು ನಿಂಬೆಯಂಥ ಘಮ, ಅದರ ಹಿಂದೆಯೇ ಒಂದು ಸಿಹಿ. ರಾತ್ರಿರಾಣಿಯ ಹಾಗೆ ತಲೆಗೆ ಏರುವುದಿಲ್ಲ, ಬಂದು ಹೋಗಿ ಮಾಡುತ್ತದೆ.

ಈ ಹೂವಿನ ಪರಾಗ ಸಾಗಿಸುವುದು ಇರುಳಲ್ಲಿ ಹಾರುವ ಪತಂಗ. ಅದು ಮಲಗಿರುವ ಹಗಲಲ್ಲಿ ಹೂ ಯಾಕೆ ಘಮ ಖರ್ಚು ಮಾಡಬೇಕು? ಮನೆ ಮುಂದೆ ರಾತ್ರಿರಾಣಿ ಇಟ್ಟುಕೊಂಡೂ ನನಗೆ ಇದು ಹೊಳೆಯಲಿಲ್ಲ ನೋಡು.

ನಿಮ್ಮ ಕಾಡಿನ ಆರ್ಕಿಡ್ ಸೀತಾಳೆ ದಂಡೆ ಕಳಿಸಲಾ ಅಂತ ನೀನು ಕೇಳಿದ್ದೆ. ಬೇಡ. ಕಾಡಿನದು ಕಾಡಲ್ಲೇ ಇರಲಿ, ಹೂ ಬಿಟ್ಟಾಗ ಫೋಟೋ ಕಳಿಸು ಸಾಕು. ಅಸ್ಸಾಮಿನ ರಾಜ್ಯಪುಷ್ಪ ಅದೇ ಗೊತ್ತಾ? ಬಿಹು ಕುಣಿತಕ್ಕೆ ಅಲ್ಲಿನ ಹುಡುಗಿಯರು ಮುಡಿಯುತ್ತಾರೆ.

ದೀಪಾವಳಿಗೆ ಬರ್ತೀಯಲ್ಲ? ಇನ್ನೂ ಮೂರು ಮೊಗ್ಗಿವೆ. ಹಗಲು ಬಂದು ಮೂಸಿ ನಕ್ಕು ಹೋಗಬೇಡ. ಅವ್ವ ರೊಟ್ಟಿ, ಪುಂಡಿಪಲ್ಯ ಮಾಡುತ್ತಾಳಂತೆ. ರಾತ್ರಿ ಊಟಕ್ಕೇ ಬಾ, ಲೈಟ್ ನಾನೇ ಆರಿಸ್ತೀನಿ.

ನಿನ್ನ,
ಕಲಬುರಗಿಯ ದೋಸ್ತ