ಬೇರೆಯವನ ಕುರ್ಚಿ ಅಂತ ಬರ್ದಿದೀಯಲ್ಲ

ಮಗಾ,

ಆಫೀಸಲ್ಲಿ ಆ ಹಳಬನ ಜಾಗ ನಿಂಗೆ ಸಿಕ್ಕಿದ್ದು, ಬಾಕಿ ವಿಷಯ ಎಲ್ಲಾ ನಿಮ್ಮಮ್ಮ ಫೋನಲ್ಲೇ ಹೇಳಿದ್ಲು, ಅದು ಬಿಡು. ಆದ್ರೆ "ಅವನು ದುಡ್ಡು ತಿಂದು ಸಿಕ್ಕಾಕೊಂಡಿಲ್ದಿದ್ರೆ ನನ್ನ ಯಾರು ಕರೀತಿದ್ರು, ನಾನು ಕೂತಿರೋದು ಬೇರೆಯವನ ಕುರ್ಚೀಲಿ" ಅಂತ ಬರ್ದಿದೀಯಲ್ಲ, ಅದನ್ನ ಓದಿ ರಾತ್ರಿ ಸರಿಯಾಗಿ ನಿದ್ದೆ ಹತ್ಲಿಲ್ಲ ಕಣೋ.

ನಂಗೆ ಬೈಬಲ್ಲಿನ ಮತ್ತೀಯ ನೆನಪಾದ. ಸಂಡೇ ಸ್ಕೂಲಲ್ಲಿ ಬಾಯಿಪಾಠ ಮಾಡಿಸೋ ಯೇಸುವಿನ ಹನ್ನೆರಡು ಶಿಷ್ಯರ ಹೆಸರಲ್ಲಿ ಅವನಿಲ್ಲ. ಯೇಸುವನ್ನ ಹಿಡಿದುಕೊಟ್ಟ ಇಸ್ಕರಿಯೋತ ಯೂದ ಹಾಳು ಮಾಡ್ಕೊಂಡ ಜಾಗಕ್ಕೆ ಬಂದವನು, ಅದೂ ಚೀಟಿ ಹಾಕಿ! ಯೆರೂಸಲೇಮಲ್ಲಿ ಸುಮಾರು 120 ಜನ ಸೇರಿದ್ರು, ಶಿಷ್ಯರಲ್ಲಿ ಮುಂದಾಳಾಗಿದ್ದ ಪೇತ್ರ ಇಟ್ಟ ಷರತ್ತು ಏನಂದ್ರೆ ಯೋಹಾನ ದೀಕ್ಷಾಸ್ನಾನ ಮಾಡಿಸ್ತಿದ್ದ ಕಾಲದಿಂದ ಯೇಸು ಮೇಲಕ್ಕೆ ಹೋದ ದಿನದವರೆಗೂ ಜೊತೇಲೇ ಓಡಾಡಿದವನಾಗಿರ್ಬೇಕು. ಅಂದ್ರೆ ಅಷ್ಟೂ ದಿನ ಮತ್ತೀಯ ಅಲ್ಲೇ ಇದ್ದ, ಯಾರೂ ಹೆಸರು ಬರ್ಕೊಂಡಿರ್ಲಿಲ್ಲ. ನೀನೂ ಆ ಸೆಕ್ಷನ್ನಲ್ಲಿ ಮೊದ್ಲಿಂದ ದುಡಿದವನೇ ಅಲ್ವೇನೋ?

ಆಮೇಲೆ ಬೈಬಲ್ಲಲ್ಲಿ ಅವನ ಹೆಸರೇ ಇಲ್ಲ, ನಿನ್ನ ಭಯನೂ ಅದೇ ತಾನೆ. ಆದ್ರೆ ಪಂಚಾಶತ್ತಮ ದಿನ, ಅಂದ್ರೆ ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದು ಬಂದ ಹಬ್ಬದ ದಿನ, ಪೇತ್ರ ಹನ್ನೊಂದು ಮಂದಿ ಜೊತೆ ಎದ್ದು ನಿಂತ ಅಂತಿದೆ, ಲೆಕ್ಕ ಹಾಕಿ ನೋಡು. ವಿಧವೆಯರಿಗೆ ಊಟ ಹಂಚೋದ್ರಲ್ಲಿ ಗುಣುಗುಟ್ಟಿದಾಗ ಸಭೆ ಕರೆದಿದ್ದು ಹನ್ನೆರಡು ಜನ, ಅಲ್ಲೂ ಇದ್ದಾನೆ. ಕೊನೆಗೆ ಎಲ್ಲಿ ಹೋದ ಅನ್ನೋದಕ್ಕೆ ಒಬ್ಬೊಬ್ರು ಒಂದೊಂದು ಹೇಳ್ತಾರೆ, ಇಥಿಯೋಪಿಯ ಅಂತ, ಕಪ್ಪು ಸಮುದ್ರದ ಕಡೆ ಅಂತ, ಯೆರೂಸಲೇಮಲ್ಲೇ ಕಲ್ಲೆಸೆದು ಕೊಂದ್ರು ಅಂತ. ಸಮಾಧಿ ನಮ್ಮಲ್ಲಿದೆ ಅಂತಾರೆ ಜರ್ಮನಿಯ ಟ್ರಿಯರ್‌ನವರು. ಪಾಪ, ಹಬ್ಬನೂ ಒಂದೇ ಕಡೆ ನಿಲ್ಲಲಿಲ್ಲ, ಕ್ಯಾಥೊಲಿಕರು 1969ರಲ್ಲಿ ಫೆಬ್ರವರಿ 24ರಿಂದ ಮೇ 14ಕ್ಕೆ ಸರಿಸಿದ್ರು.

ನಿಜ ಹೇಳ್ಬೇಕಂದ್ರೆ ನಂಗೆ ಜಾಸ್ತಿ ಕಾಡೋದು ಆ ಚೀಟೀಲಿ ಮತ್ತೀಯನ ಜೊತೆ ಹೆಸರಿದ್ದ ಇನ್ನೊಬ್ಬ, ಯುಸ್ತ. ಅದೇ ಷರತ್ತಿಗೆ ಪಾಸಾದವನು, ಚೀಟಿ ಮಾತ್ರ ಬರ್ಲಿಲ್ಲ. ನಾನು ಟೀಚರಾಗಿದ್ದಾಗ ಹೆಡ್‌ಮಿಸ್ ಕೆಲಸಕ್ಕೆ ನಮ್ಮಿಬ್ಬರ ಹೆಸರು ಹೋಗಿ ನನ್ನ ಗೆಳತಿಗೆ ಸಿಕ್ತು. ರಿಟೈರ್ ಆಗೋ ತನಕ ಅವಳು ನನ್ನೆದುರು ಆ ದೊಡ್ಡ ಕುರ್ಚೀಲಿ ಆರಾಮಾಗಿ ಕೂತಿದ್ದನ್ನ ನೋಡ್ಲೇ ಇಲ್ಲ, ಬಾಗಿಲಿಗೆ ನಾನು ಬಂದ್ರೆ ಎದ್ದು ನಿಂತ್ಬಿಡೋಳು. ಕೂತ್ಕೋ ಮಾರಾಯ್ತಿ, ಅದು ನಿಂದೇ ಅಂತ ಹೇಳೋ ಅವಕಾಶ ಈಗ ಇಲ್ಲ.

ಬುದ್ಧಿ ಹೇಳೋಷ್ಟು ದೊಡ್ಡವಳಲ್ಲ ನಾನು, ನಿಮ್ಮ ಆಫೀಸಿನ ರೀತಿನೂ ಗೊತ್ತಿಲ್ಲ. ಹಳಬನ ಬಗ್ಗೆ ಕೆಟ್ಟ ಮಾತು ಆಡ್ಬೇಡ, ಪೇತ್ರನೂ ಯೂದನ ವಿಷಯ ಎತ್ತಿದಾಗ ಅವನೂ ನಮ್ಮಲ್ಲೊಬ್ಬನಾಗಿದ್ದ ಅಂತಲೇ ಅಂದಿದ್ದು. ಬಾಗಿಲ ಮೇಲಿನ ಅವನ ಬೋರ್ಡು ಇನ್ನೂ ಇದ್ರೆ ತೆಗೆಸು. ಮತ್ತೆ ನಿನ್ನ ಜೊತೆ ಇಂಟರ್‌ವ್ಯೂಗೆ ಬಂದು ಸಿಗದೇ ಹೋದ ಹುಡುಗ ಅದೇ ಫ್ಲೋರಲ್ಲಿದಾನೆ ಅಂದ್ಯಲ್ಲ, ಅವನನ್ನ ಒಂದಿನ ಟೀಗೆ ಕರಿ. ಬರಲ್ಲ ಅಂದ್ರೆ ಒತ್ತಾಯ ಮಾಡ್ಬೇಡ.

ನಿನ್ನ ದೊಡ್ಡಮ್ಮ